ಟ್ರೋಮ್ಸೊದಲ್ಲಿ ಟೂರ್ ಬುಕ್ ಮಾಡುವ ಮುಂಚೆ

ಚಳಿಗಾಲದಲ್ಲಿ ನಾರ್ವೆಯ ಟ್ರೋಮ್ಸೊಗೆ ಹೋಗುವವರಿಗೆ ಒಂದು ಮಾತು. ಅರೋರಾ, ಅಂದರೆ ಕತ್ತಲ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಅದನ್ನು ತೋರಿಸುವ ಟೂರನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ, ಮೊದಲ ರಾತ್ರಿಗೇ ಬುಕ್ ಮಾಡಿ. ಮೋಡ ಕವಿದು ಏನೂ ಕಾಣದಿದ್ದರೆ ಇನ್ನೊಮ್ಮೆ ಹೋಗಲು ದಿನ ಉಳಿದಿರುತ್ತದೆ. ನಾನು ಕೊನೆಗೆ ಇಟ್ಟುಕೊಂಡು ರಾತ್ರಿಯಿಡೀ ಬರೀ ಮೋಡ ನೋಡಿ ಬಂದವನು!

ದುಡ್ಡು ಸ್ವಲ್ಪ ಜಾಸ್ತಿಯಾದರೂ ದೊಡ್ಡ ಬಸ್ಸಿಗಿಂತ ಮಿನಿಬಸ್ಸೇ ವಾಸಿ. ಆಕಾಶ ತಿಳಿಯಾಗಿರುವ ಜಾಗ ಹುಡುಕಿಕೊಂಡು ಗೈಡ್ ಗಾಡಿ ಓಡಿಸುತ್ತಲೇ ಇರುತ್ತಾರೆ. ಕೆಲವೊಮ್ಮೆ ಫಿನ್ಲೆಂಡ್ ಗಡಿಯನ್ನೂ ದಾಟುತ್ತಾರೆ. ಹಾಗಾಗಿ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ. ದಪ್ಪ ಥರ್ಮಲ್ ಸೂಟ್ ಎಷ್ಟೋ ಕಡೆ ಅವರೇ ಕೊಡುತ್ತಾರೆ, ಸುಮ್ನೆ ಕೊಂಡು ಹೊತ್ತುಕೊಂಡು ಹೋಗಬೇಡಿ. ಕಾಲಿಗೆ ಮಾತ್ರ ಉಣ್ಣೆ ಸಾಕ್ಸ್ ಬೇಕೇ ಬೇಕು. ಮೊಬೈಲನ್ನು ಒಳಜೇಬಿನಲ್ಲಿಡಿ. ಹೊರಗೆ ಹಿಡಿದುಕೊಂಡು ನಿಂತರೆ ಚಳಿಗೆ ಬ್ಯಾಟರಿ ಬೇಗ ಇಳಿದುಹೋಗುತ್ತದೆ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ಹಿಮಸಾರಂಗದ ಟೂರುಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಗುಡಾರದಲ್ಲಿ ಬೆಂಕಿ ಮುಂದೆ ಕೂರಿಸಿ ಬಿಸಿ ಬಿಸಿ ಸೂಪ್ ಕೊಡುತ್ತಾರೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಹಿಮಸಾರಂಗದ ಮಾಂಸವೇ ಇರುತ್ತದೆ.

ಎಲ್ಲದಕ್ಕೂ ಟೂರ್ ಬೇಕಿಲ್ಲ. ಫ್ಯೆಲ್‌ಹೈಸನ್ ಕೇಬಲ್ ಕಾರಿಗೆ ನೀವೇ ಟಿಕೆಟ್ ತಗೊಂಡು 421 ಮೀಟರ್ ಎತ್ತರಕ್ಕೆ ಹೋಗಬಹುದು. ಇಡೀ ಊರು ಕೆಳಗೆ ದೀಪ ಹಚ್ಚಿಟ್ಟ ಹಾಗೆ ಕಾಣುತ್ತದೆ. ಗಾಳಿ ಜೋರಾಗಿದ್ದರೆ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಅಂದಹಾಗೆ, ಮೇ ಮಧ್ಯದಿಂದ ಜುಲೈ ಕೊನೆಯ ತನಕ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಬೇಸಿಗೆ ರಜೆಗೆ ಅಗ್ಗದ ಟಿಕೆಟ್ ಸಿಕ್ಕಿತು ಅಂತ ಅರೋರಾ ನೋಡಲು ಹೊರಟುಬಿಡಬೇಡಿ, ಆಯ್ತಾ?