ಸ್ಲೋಪ್ ಲಾಕ್ ಮಾಡೋಕೆ ಹೋಗಿ ನಾನು ಕಲ್ತಿದ್ದು

ಪಾರ್ಕಿಂಗ್ ಲಾಟ್ ಗ್ರೇಡಿಂಗ್ (ನೀರು ಹರಿಯೋ ಹಂಗೆ ನೆಲದ ಇಳಿಜಾರು ಹೊಂದಿಸೋದು) ಒಂದು ಮಾಡ್ತಾ ಇದ್ದೆ, ಸಿವಿಲ್ ತ್ರೀಡಿ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ. ಬಿಲ್ಡಿಂಗ್ ಬಾಗಿಲಿಂದ ಹಳೇ ಡ್ರೈನ್ ಇನ್‌ಲೆಟ್ (ನೀರು ಚರಂಡಿಗೆ ಇಳಿಯೋ ಬಾಯಿ) ತನಕ ಒಂದೇ ಫೀಚರ್ ಲೈನ್, ಅಂದ್ರೆ ಪ್ರತಿ ಪಾಯಿಂಟಿಗೂ ಒಂದು ಲೆವೆಲ್ ಇರೋ ಗೆರೆ, ಅದ್ರಲ್ಲಿ ಐದು ಪಾಯಿಂಟು. ಬಾಗಿಲ ಹತ್ರ ಎ ಲೆವೆಲ್ 100.000 ಮೀಟರ್, ಅಲ್ಲಿಂದ 20 ಮೀಟರ್ 1.5 ಪರ್ಸೆಂಟಲ್ಲಿ ಇಳಿದು ಬಿ 99.700, ಆಮೇಲೆ 30 ಮೀಟರ್ 1 ಪರ್ಸೆಂಟಲ್ಲಿ ಸಿ 99.400, 25 ಮೀಟರ್ ಅದೇ 1 ಪರ್ಸೆಂಟಲ್ಲಿ ಡಿ 99.150, ಕೊನೇ 15 ಮೀಟರ್ ಹೋಗಿ ಇನ್‌ಲೆಟ್ ಹತ್ರ ಇ 98.900. ಎಲ್ಲೂ 1 ಪರ್ಸೆಂಟ್‌ಗಿಂತ ಕಡಿಮೆ ಆಗ್ಬಾರ್ದು ಅಂತ ಮೊದ್ಲೇ ಮಾತಾಗಿತ್ತು.

ಸಿ ಹತ್ರ ಕಟಿಂಗ್ (ಮಣ್ಣು ಅಗೆಯೋದು) ಸ್ವಲ್ಪ ಕಡಿಮೆ ಮಾಡೋಣ ಅಂತ ಎಲಿವೇಶನ್ ಎಡಿಟರ್ (ಪಾಯಿಂಟಿಗೊಂದು ಸಾಲಿರೋ ಲೆವೆಲ್ ಟೇಬಲ್) ತೆಗ್ದು 99.550 ಅಂತ ಟೈಪ್ ಮಾಡ್ಬಿಟ್ಟೆ. ಬರೀ 15 ಸೆಂಟಿಮೀಟರ್ ಅಲ್ವಾ ಅಂತ. ಆದ್ರೆ ಒಂದು ಪಾಯಿಂಟ್ ಎತ್ತಿದ್ರೆ ಅದ್ರ ಎರಡೂ ಕಡೆ ಸ್ಲೋಪ್ ಬದಲಾಗತ್ತೆ, ಬಿ-ಸಿ 0.5ಕ್ಕೆ ಇಳೀತು, ಸಿ-ಡಿ 1.6ಕ್ಕೆ ಏರ್ತು, ನಾನು ನೋಡ್ಲೇ ಇಲ್ಲ. ಚೆಕ್ ಮಾಡೋರು ಕೆಂಪು ಪೆನ್ನಲ್ಲಿ ಸುತ್ತು ಹಾಕಿ ವಾಪಸ್ ಕಳ್ಸಿದ್ರು, ಮುಖ ಎತ್ತೋ ಹಂಗಿರ್ಲಿಲ್ಲ.

ಅವತ್ತಿಂದ ತಲೇಲಿ ಒಂದೇ, ಎಲ್ಲಾ ಸ್ಲೋಪೂ ಲಾಕ್ ಆಗಿರ್ಬೇಕು ಅಂತ. ಅದೂ ತಪ್ಪೇ ಅಂತ ಗೊತ್ತಾಗಿದ್ದು ಬಿಲ್ಡಿಂಗ್ ಫ್ಲೋರ್ ಲೆವೆಲ್ 100 ಮಿಲಿಮೀಟರ್ ಕೆಳಗೆ ಬಂದಾಗ. ಎ 99.900 ಮಾಡಿ, ಒಂದೊಂದೇ ಸಾಲಲ್ಲಿ ಗ್ರೇಡ್ ಅಹೆಡ್‌ಗೆ, ಅಂದ್ರೆ ಮುಂದಿನ ಪಾಯಿಂಟ್ ತನಕದ ಸ್ಲೋಪಿಗೆ, ಹಳೇ ಸ್ಲೋಪನ್ನೇ ಮತ್ತೆ ಟೈಪ್ ಮಾಡ್ತಾ ಮೇಲಿಂದ ಕೆಳಗೆ ಹೋದೆ (ಗ್ರೇಡ್ ಅಹೆಡ್ ಬದಲಾಯಿಸಿದ್ರೆ ಮುಂದಿನ ಪಾಯಿಂಟಿನ ಲೆವೆಲ್ ಬದಲಾಗತ್ತೆ, ಅದಕ್ಕೇ ಮೇಲಿಂದ್ಲೇ ಹೋಗ್ಬೇಕು). ಸ್ಲೋಪ್ ಎಲ್ಲಾ ಚೆನ್ನಾಗಿತ್ತು, ಆದ್ರೆ ಕೊನೇಲಿ ಇ 98.800 ಆಗಿ ಕೂತಿತ್ತು, ಅಂದ್ರೆ ಇರೋ ಇನ್‌ಲೆಟ್‌ಗಿಂತ 100 ಮಿಲಿಮೀಟರ್ ಕೆಳಗೆ. ನೀರು ಮೇಲಕ್ಕೆ ಹರಿಯುತ್ತಾ ಸ್ವಾಮಿ?

ಲೆಕ್ಕ ಅಷ್ಟೇ, ಎರಡೂ ತುದಿ ಲೆವೆಲ್ ಫಿಕ್ಸು, ಮಧ್ಯದ ಎಲ್ಲಾ ಉದ್ದ ಫಿಕ್ಸು ಅಂದ್ಮೇಲೆ ಎಲ್ಲಾ ಸ್ಲೋಪೂ ಫಿಕ್ಸ್ ಇರೋಕಾಗಲ್ಲ, ಯಾವ್ದೋ ಒಂದು ತುಂಡು ಆ ವ್ಯತ್ಯಾಸ ನುಂಗ್ಲೇಬೇಕು. ಹಂಗಾಗಿ ಈಗ ಎಡಿಟರ್ ತೆಗೆಯೋಕೆ ಮುಂಚೆನೇ ಯಾವ ತುಂಡು ಬಿಡ್ಬೋದು ಅಂತ ನಿರ್ಧಾರ ಮಾಡ್ಕೋತೀನಿ. ಇಲ್ಲಿ ಡಿ-ಇ ಬಿಟ್ಟೆ, ಯಾಕಂದ್ರೆ ಅದ್ರಲ್ಲಿ 1.67 ಪರ್ಸೆಂಟ್ ಇತ್ತು, ಕಳ್ಕೊಳ್ಳೋಕೆ ಜಾಗ ಇತ್ತು.

ಮಾಡೋದೂ ಸುಲಭ. ಹಳೇದಕ್ಕೆ ವಾಪಸ್ ಹೋಗಿ, ಎ ಇಂದ ಡಿ ತನಕ ನಾಲ್ಕು ಸಾಲು ಒಟ್ಟಿಗೆ ಸೆಲೆಕ್ಟ್ ಮಾಡಿ, ಇನ್‌ಕ್ರಿಮೆಂಟ್ 0.1 ಇಟ್ಟು ಒಂದೇ ಸಲ ಲೋವರ್ ಒತ್ತಿದೆ. ನಾಲ್ಕೂ ಒಟ್ಟಿಗೆ ಇಳಿಯೋದ್ರಿಂದ ಮಧ್ಯದ ಮೂರು ಸ್ಲೋಪ್ ಅಲುಗಾಡಲ್ಲ. ಡಿ 99.050 ಆಯ್ತು, ಡಿ-ಇ ಸರಿಯಾಗಿ 1 ಪರ್ಸೆಂಟ್‌ಗೆ ಬಂದು ನಿಂತ್ಕೊಳ್ತು. ಫ್ಲೋರ್ ಇನ್ನೊಂದು 50 ಮಿಲಿಮೀಟರ್ ಇಳಿದಿದ್ರೆ 0.67 ಆಗ್ಬಿಡ್ತಿತ್ತು, ಆಗ ಎ-ಬಿಯ 1.5ರಲ್ಲೂ ಸ್ವಲ್ಪ ಕಿತ್ಕೋಬೇಕಾಗ್ತಿತ್ತು.

ಇಷ್ಟೆಲ್ಲಾ ಆದ್ಮೇಲೂ ಒಂದಿನ ಬೆಳಿಗ್ಗೆ ಡ್ರಾಯಿಂಗ್ ತೆಗೆದ್ರೆ ಸಿ-ಡಿ ಮಧ್ಯೆ ಸ್ಲೋಪ್ ಮುರಿದಿತ್ತು, ನಾನು ಆ ಲೈನ್ ಮುಟ್ಟೇ ಇರ್ಲಿಲ್ಲ. ತುಂಬಾ ಹೊತ್ತು ತಲೆ ಕೆಡಿಸ್ಕೊಂಡೆ. ನೋಡಿದ್ರೆ ಹಿಂದಿನ ದಿನ ಎಳೆದ ಕರ್ಬ್ ಲೈನ್ (ಅಂಚುಕಲ್ಲಿನ ಫೀಚರ್ ಲೈನ್) ಅದೇ ಸೈಟಲ್ಲಿತ್ತು, ಇದನ್ನ ಕ್ರಾಸ್ ಮಾಡ್ತಿತ್ತು (ಸೈಟ್ ಅಂದ್ರೆ ಇಲ್ಲಿ ಜಾಗ ಅಲ್ಲ, ಸಾಫ್ಟ್‌ವೇರಲ್ಲಿ ಲೈನುಗಳನ್ನ ಇಡೋ ಗುಂಪು). ಒಂದೇ ಸೈಟಲ್ಲಿ ಎರಡು ಫೀಚರ್ ಲೈನ್ ಕ್ರಾಸ್ ಆದ್ರೆ ಅಲ್ಲೊಂದು ಸ್ಪ್ಲಿಟ್ ಪಾಯಿಂಟ್ ಹುಟ್ಕೊಂಡು, ಕೊನೇಲಿ ಎಡಿಟ್ ಮಾಡಿದ ಲೈನಿನ ಲೆವೆಲ್ಲನ್ನೇ ಎರಡೂ ತಗೊಳ್ಳುತ್ತೆ. ಕರ್ಬ್ ಲೈನನ್ನ ಬೇರೆ ಸೈಟಿಗೆ ಮೂವ್ ಮಾಡಿದೆ, ಸಿ-ಡಿಯನ್ನ ಮತ್ತೆ 1 ಪರ್ಸೆಂಟ್‌ಗೆ ತಂದೆ, ಆಮೇಲೆ ಅದು ಕದಲ್ಲಿಲ್ಲ.