ಮುಟ್ಟಿನ ನೋವು, ಸೊಂಟ ಮತ್ತು ನನ್ನ ಕೈ

ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಸರಿ ಮಾಡುವ ಕೈರೋಪ್ರಾಕ್ಟಿಕ್ ಪದ್ಧತಿಯನ್ನು ನಾನು ಕಲಿತಿದ್ದು ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ. 1895ರಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಶುರು ಮಾಡಿದ ಊರು ಅದು. ಈಗ ಇಲಿನಾಯ್‌ನಲ್ಲಿ ನನ್ನದೇ ಕ್ಲಿನಿಕ್ ಇದೆ. ನಮ್ಮ ಕಡೆಯ ಹೆಣ್ಣುಮಕ್ಕಳೂ ಬರುತ್ತಾರೆ. "ಅಕ್ಕಾ, ಸೊಂಟ ನೋವು" ಅಂತಲೇ ಮಾತು ಶುರು. ಬಾಗಿಲು ಹಾಕಿದ ಮೇಲೆ ಮುಟ್ಟಿನ ನೋವಿನ ವಿಷಯ ಮೆಲ್ಲಗೆ ಹೊರಬರುತ್ತದೆ.

ಗರ್ಭಕೋಶದ ನರಗಳು ಬೆನ್ನಿನ ಕೆಳಭಾಗದಿಂದಲೇ ಹೊರಡುತ್ತವೆ. ಅಲ್ಲಿ ಸರಿ ಮಾಡಿದರೆ ಮುಟ್ಟಿನ ನೋವೂ ಹೋಗುತ್ತದೆ ಅಂತ ಮೊದಲು ನಂಬಿದ್ದೆ. ಪಕ್ಕಕ್ಕೆ ಮಲಗಿಸಿ, ಮೇಲಿನ ಮಂಡಿ ಮಡಿಸಿ, ಸೊಂಟದ ಮೇಲೆ ಅಂಗೈ ಊರುತ್ತಿದ್ದೆ. ಅವರು ಉಸಿರು ಬಿಟ್ಟ ಕೂಡಲೇ ಚುರುಕಾಗಿ ಒಂದು ಒತ್ತು. ಲಟಿಕೆ ಮುರಿದ ಹಾಗೆ ಲಟ್ ಅನ್ನುತ್ತಿತ್ತು. "ಹಗುರಾಯ್ತು ಅಕ್ಕಾ" ಅಂದರೆ ನನಗೂ ಖುಷಿ.

ಆಮೇಲೆ 1999ರ ಒಂದು ಅಧ್ಯಯನ ಓದಿದೆ. ಮಾಡಿದವರಲ್ಲಿ ನಮ್ಮ ಪದ್ಧತಿಯವರೇ ಇದ್ದರು. ಮುಟ್ಟಿನ ನೋವಿದ್ದ 138 ಹೆಂಗಸರಲ್ಲಿ ಕೆಲವರಿಗೆ ನಿಜವಾದ ಅಡ್ಜಸ್ಟ್‌ಮೆಂಟ್, ಅಂದರೆ ನಾನು ಕೊಡುತ್ತಿದ್ದಂಥ ಚುರುಕಾದ ಒತ್ತು; ಉಳಿದವರಿಗೆ ಅದೇ ಥರ ಕಾಣುವ ಮೆತ್ತನೆಯ ಒತ್ತು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಓದಿ ಎರಡು ದಿನ ಮನಸ್ಸು ಭಾರವಾಗಿತ್ತು. ಮುಟ್ಟಿನ ನೋವಿನ ಮೂಲವೇ ಬೇರೆ: ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶವನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಥರದ ಮಾತ್ರೆ ಅದರ ಉತ್ಪತ್ತಿಯನ್ನೇ ತಗ್ಗಿಸುತ್ತವೆ. ನನ್ನ ಅಂಗೈಗೆ ಆ ಕೆಲಸ ಆಗುವುದಿಲ್ಲ.

ಒಬ್ಬ ಹುಡುಗಿಯ ವಿಷಯದಲ್ಲಿ ನನ್ನಿಂದ ತಪ್ಪಾಯಿತು. ಎರಡು ತಿಂಗಳು ಬಂದಳು, ಪ್ರತಿ ಸಲ ಒಂದೆರಡು ದಿನ ಆರಾಮ, ಮತ್ತೆ ಅದೇ. ಒಂದು ದಿನ ಶೂ ಕಟ್ಟಿಕೊಳ್ಳುತ್ತಾ, ತಲೆ ಎತ್ತದೆ, "ಟಾಯ್ಲೆಟ್‌ಗೆ ಹೋದರೂ ಚಾಕು ಹಾಕಿದ ಹಾಗಾಗುತ್ತೆ" ಅಂದಳು. ಅದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು, ಅಲ್ವಾ? ಅಂದೇ ಗೈನಕಾಲಜಿಸ್ಟ್ ಹತ್ತಿರ ಕಳಿಸಿದೆ. ಸ್ಕ್ಯಾನ್‌ನಲ್ಲಿ ಅಂಡಾಶಯದ ಚಾಕೊಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿದ ಚೀಲ, ಕಂಡಿತು. ಎಂಡೊಮೆಟ್ರಿಯೋಸಿಸ್: ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ.

ಈಗ ಕೈ ಹಚ್ಚುವ ಮೊದಲು ಕೂರಿಸಿ ಕೇಳುತ್ತೇನೆ. ಮುಟ್ಟಿಲ್ಲದ ದಿನವೂ ನೋವಿದೆಯಾ? ಗಂಡನ ಜೊತೆ ಸೇರುವಾಗ? ರಕ್ತಸ್ರಾವ ಜಾಸ್ತಿಯಾಗಿದೆಯಾ? ಒಂದಕ್ಕೆ ಹೌದು ಅಂದರೂ ಮೊದಲು ಗೈನಕಾಲಜಿಸ್ಟ್ ಹತ್ತಿರ. ಗರ್ಭಕೋಶದ ಗಡ್ಡೆ, ಹಾರ್ಮೋನ್ ಏರುಪೇರಿನ ಪಿಸಿಒಎಸ್, ಮಕ್ಕಳಾಗದ ಸಮಸ್ಯೆಗೆ ನನ್ನಲ್ಲಿ ಚಿಕಿತ್ಸೆ ಇಲ್ಲ ಅಂತ ನೇರವಾಗಿ ಹೇಳುತ್ತೇನೆ. ಬರೀ ಮುಟ್ಟಿನ ನೋವಾದರೆ ಬಿಸಿನೀರಿನ ಚೀಲ, ನಡಿಗೆ, ಡಾಕ್ಟರ್ ಹೇಳಿದ ಮಾತ್ರೆ. ಅದರ ಜೊತೆ ಬಿಗಿದುಕೊಂಡ ಸೊಂಟವನ್ನು ನಾನು ಸಡಿಲಿಸಬಲ್ಲೆ.

ಆ ಹುಡುಗಿ ಆಪರೇಷನ್ ಆದ ಮೇಲೂ ಬರುತ್ತಾಳೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಹಿಡಿದುಕೊಂಡ ಸೊಂಟಕ್ಕೆ.