ಕಡಲ ಕೆಸರಿನಿಂದ ಹಿಮದ ಲೆಕ್ಕ: ಬಳ್ಳಾರಿ ಸೀಮೆಯ ಲ್ಯಾಬಿನಲ್ಲಿ ಫೊರಾಮಿನಿಫೆರಾ ಕೆಲಸ

ಕಡಲ ಕೆಸರಿನ ಸಣ್ಣ ಚಿಪ್ಪುಗಳನ್ನು ಅಳೆದು ಹಿಮಯುಗದಲ್ಲಿ ಎಷ್ಟು ಹಿಮವಿತ್ತೆಂದು ಲೆಕ್ಕ ಹಾಕಬಹುದು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಲ್ಲು ಈ ಕೆಲಸಕ್ಕೆ ಬಾರದು. ಸಂಡೂರು ಗುಡ್ಡದ ಪಟ್ಟೆಪಟ್ಟೆ ಕಬ್ಬಿಣದ ಕಲ್ಲು ಕೂಡ ಸಮುದ್ರದ ತಳದಲ್ಲೇ ಕೂಡಿದ್ದು ನಿಜ, ಆದರೆ ಅದರ ವಯಸ್ಸು 250 ಕೋಟಿ ವರ್ಷಕ್ಕೂ ಮೀರಿದೆ. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪು ಸಿಗುವುದು ಕೇಂಬ್ರಿಯನ್ ಯುಗದಿಂದ ಈಚೆಗೆ ಮಾತ್ರ. ಕೈ ಪಳಗಿಸಲು ಕಾರವಾರದ ಕಾಳಿ ಅಳಿವೆಯ ಕೆಸರು ಸಾಕು. ಹಿಮಯುಗದ ಲೆಕ್ಕಕ್ಕೆ ಮಾತ್ರ ಆಳ ಸಮುದ್ರದ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರೇ ಬೇಕು. ಹಿಂದೂ ಮಹಾಸಾಗರದಲ್ಲಿ ಅಂತರರಾಷ್ಟ್ರೀಯ ಯೋಜನೆಯವರು ಕೊರೆದು ತೆಗೆದ ಕೆಸರು ಕೊಚ್ಚಿಯಲ್ಲಿದೆ. ಕೇರಳದ ಕೊಚ್ಚಿಯಲ್ಲ, ಜಪಾನಿನ ಕೊಚ್ಚಿ. ಸಂಶೋಧನೆಯ ಉದ್ದೇಶ ಬರೆದು ಅರ್ಜಿ ಹಾಕಿದರೆ ಮಾದರಿ ಕಳಿಸುತ್ತಾರೆ.

ಲೆಕ್ಕದ ತಳಹದಿ ಇಷ್ಟು. ಸಮುದ್ರದ ನೀರು ಆವಿಯಾಗುವಾಗ ಹಗುರ ಆಕ್ಸಿಜನ್-16 ಸ್ವಲ್ಪ ಹೆಚ್ಚು ಮೇಲೇಳುತ್ತದೆ. ಅದು ಹಿಮವಾಗಿ ಧ್ರುವಗಳಲ್ಲಿ ಕೂತುಬಿಟ್ಟರೆ ಕಡಲಲ್ಲಿ ಭಾರದ ಆಕ್ಸಿಜನ್-18ರ ಪಾಲು ಏರುತ್ತದೆ, ಆ ನೀರಿನಲ್ಲಿ ಬೆಳೆದ ಚಿಪ್ಪಿಗೂ ಅದೇ ಪಾಲು ಸೇರುತ್ತದೆ. ಆದರೆ ನೀರು ತಣ್ಣಗಾದರೂ ಚಿಪ್ಪಿನ ಆಕ್ಸಿಜನ್-18 ಏರುತ್ತದೆ. ಒಂದೇ ಅಂಕಿಯಲ್ಲಿ ಎರಡು ಸುದ್ದಿ ಬೆರೆತಿವೆ; ಅವನ್ನು ಬಿಡಿಸುವುದೇ ಕೆಲಸ. ಕೆಸರು ತೊಳೆಯುವಾಗ ಕೆಟ್ಟರೆ ಯಾವ ಯಂತ್ರವೂ ಅದನ್ನು ಸರಿಮಾಡಲಾರದು, ಅದಕ್ಕೇ ಇಲ್ಲಿ ತೊಳೆಯುವುದರ ಬಗ್ಗೆಯೇ ಮಾತು ಹೆಚ್ಚು.

ಒಣಗಿದ ಕೆಸರು 10 ಗ್ರಾಂ ತೂಗಿ, ತೂಕ ಬರೆದಿಟ್ಟುಕೊಳ್ಳಿ. ಬೀಕರಿನಲ್ಲಿ ನೀರು ಹಾಕಿ ನೆನೆಸಿ. ಜೇಡಿ ಗಟ್ಟಿಯಾಗಿದ್ದರೆ ಲೀಟರಿಗೆ 5 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬೆರೆಸಿದ ನೀರನ್ನು ಬಳಸಬಹುದು, ಕೆಲವು ಗಂಟೆ ಸಾಕು. ಆ ಪುಡಿ ಕ್ಯಾಲ್ಸಿಯಂ ಅನ್ನು ಹಿಡಿದೆಳೆಯುತ್ತದೆ, ದಿನಗಟ್ಟಲೆ ಬಿಟ್ಟರೆ ಚಿಪ್ಪಿನ ಮೈ ಸವೆಯುತ್ತದೆ. ಉಷ್ಣತೆ ತಿಳಿಯಲು ಮೆಗ್ನೀಸಿಯಂ ಅಳೆಯಲಿರುವ ಮಾದರಿಗೆ ಅದನ್ನು ಮುಟ್ಟಿಸಲೇಬೇಡಿ, ಬರೀ ನೀರಲ್ಲೇ ಬಿಡಿಸಿ.

ನೀರು ನಮ್ಮ ಕಡೆಯ ದೊಡ್ಡ ತೊಡಕು. ಬೋರ್‌ವೆಲ್ ನೀರು ಗಡಸು. ಅದು ಚಿಪ್ಪನ್ನು ಕರಗಿಸುವುದಿಲ್ಲ, ಆದರೆ ಒಣಗಿದಾಗ ಬಿಳಿ ಸುಣ್ಣದ ಪದರ ಬಿಡುತ್ತದೆ, ಆ ಸುಣ್ಣದ ಆಕ್ಸಿಜನ್ ಕಡಲಿನದಲ್ಲ. ಆರ್‌ಒ ನೀರಿನ ತೊಂದರೆ ಇದಕ್ಕೆ ತಿರುವುಮುರುವು: ಅದು ತುಸು ಆಮ್ಲೀಯ, ತೆಳು ಚಿಪ್ಪನ್ನು ತಿನ್ನುತ್ತದೆ. ಆದ್ದರಿಂದ ಮೊದಲ ತೊಳೆತ ಬೋರ್ ನೀರಿನಲ್ಲಾದರೂ ನಡೆದೀತು. ಕೊನೆಯ ಎರಡು ಮೂರು ತೊಳೆತ ಮಾತ್ರ ಡಿಸ್ಟಿಲ್ಡ್ ನೀರಿನಲ್ಲೇ ಆಗಲಿ, ಕೆಲವೇ ಹನಿ ಅಮೋನಿಯಾ ಹಾಕಿ ಪಿಎಚ್ 8ರ ಹತ್ತಿರ ತಂದುಕೊಂಡು. ಬ್ಯಾಟರಿ ಅಂಗಡಿಯ ನೀರು ತಂದರೆ ಪಿಎಚ್ ನೋಡದೆ ಬಳಸಬೇಡಿ.

ಜರಡಿ 63 ಮೈಕ್ರಾನ್, ಅಂದರೆ 230 ಮೆಶ್. ಅದಿರು ಪರೀಕ್ಷಿಸುವ ಲ್ಯಾಬುಗಳಲ್ಲಿ ಇದೇ ಅಳತೆಯ ಜರಡಿ ಇರುತ್ತದೆಂದು ಎರವಲು ತರಬೇಡಿ: ಕಣ್ಣುಕಣ್ಣಿನಲ್ಲೂ ಅದಿರಿನ ಪುಡಿ ಸಿಕ್ಕಿಕೊಂಡಿರುತ್ತದೆ. ನೀರನ್ನು ಸಣ್ಣಗೆ ಚಿಮುಕಿಸುತ್ತ ತೊಳೆಯಿರಿ, ಬೆರಳಿನಿಂದ ಉಜ್ಜಬೇಡಿ. ಕೆಳಗಿಳಿಯುವ ನೀರು ತಿಳಿಯಾದಾಗ ನಿಲ್ಲಿಸಿ. ಒಂದು ಮಾದರಿ ಮುಗಿದ ಮೇಲೆ ಜರಡಿಯನ್ನು ಮೀಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಹಳೆಯ ಚಿಪ್ಪೇನಾದರೂ ಉಳಿದಿದ್ದರೆ ನೀಲಿಯಾಗುತ್ತದೆ, ಮುಂದಿನ ಮಾದರಿಯಲ್ಲಿ ಕಂಡರೆ ಎತ್ತಿ ಎಸೆಯಬಹುದು. ಇಷ್ಟು ಅಗ್ಗದ ಕಾವಲು ಬೇರೆ ಇಲ್ಲ, ಆದರೂ ಬಹಳ ಮಂದಿ ಇದನ್ನು ಬಿಡುತ್ತಾರೆ.

ಓವನ್ 50 ಡಿಗ್ರಿಗಿಂತ ಮೇಲೆ ಬೇಡ. ಏಪ್ರಿಲ್-ಮೇನಲ್ಲಿ ಓವನ್ ಇಲ್ಲದೆಯೂ ಒಣಗುತ್ತದೆ, ಆದರೆ ಫಿಲ್ಟರ್ ಪೇಪರ್ ಮುಚ್ಚದೆ ಇಟ್ಟರೆ ಕೆಂಪು ಧೂಳು ಸೇರುತ್ತದೆ.

ಒಣಗಿದ್ದನ್ನು 150 ಮೈಕ್ರಾನ್ ಜರಡಿಯಲ್ಲಿ ಹಾಯಿಸಿ, ಮೇಲುಳಿದದ್ದನ್ನು ಮೈಕ್ರೋಸ್ಪ್ಲಿಟರಿನಲ್ಲಿ ಅರ್ಧ, ಅರ್ಧದರ್ಧ ಮಾಡುತ್ತ 300ರಷ್ಟು ಚಿಪ್ಪು ಉಳಿಯುವವರೆಗೆ ಇಳಿಸಿ. ಚಮಚದಲ್ಲಿ ಒಂದಿಷ್ಟು ತೆಗೆದು ಎಣಿಸಿದರೆ ದೊಡ್ಡವೇ ಹೆಚ್ಚು ಬರುತ್ತವೆ. ಆರಿಸಲು 000 ನಂಬರಿನ ಬ್ರಷ್, ತುದಿ ಒದ್ದೆಯಾಗಿರಲಿ. ಫ್ಯಾನ್ ಆಫ್ ಮಾಡಿ. ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಪ್ಲಾಸ್ಟಿಕ್ ತಟ್ಟೆಗೆ ಸ್ಥಿರವಿದ್ಯುತ್ ಏರಿ, ಗಸಗಸೆಗಿಂತ ಚಿಕ್ಕ ಚಿಪ್ಪುಗಳು ಎಗರಿ ಹೋಗುತ್ತವೆ. ಕಪ್ಪು ಬಳಿದ ಲೋಹದ ತಟ್ಟೆಯೇ ವಾಸಿ.

ಐಸೊಟೋಪಿಗೆ, ಅಂದರೆ ಆಕ್ಸಿಜನ್-16 ಮತ್ತು 18ರ ಅಳತೆಗೆ, ಯಾವ ಜಾತಿಯ ಚಿಪ್ಪನ್ನು ಆರಿಸುತ್ತೀರಿ ಎಂಬುದು ಮುಖ್ಯ. ಮೇಲ್ನೀರಿನ ಲೆಕ್ಕಕ್ಕೆ ಗ್ಲೋಬಿಜೆರಿನಾಯ್ಡಿಸ್ ರೂಬರ್, ಬಿಳಿ ಬಗೆಯದು, 250ರಿಂದ 355 ಮೈಕ್ರಾನ್, ಹತ್ತು ಹದಿನೈದು ಚಿಪ್ಪು. ಗಾತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ. ತಳನೀರಿಗೆ ಸಿಬಿಸಿಡಾಯ್ಡಿಸ್ ವುಲ್ಲರ್‌ಸ್ಟಾರ್ಫಿ. ಯುವಿಜೆರಿನಾ ಎಂಬ ಇನ್ನೊಂದು ತಳವಾಸಿಯ ಜೊತೆ ಹೋಲಿಸುವಾಗ ವುಲ್ಲರ್‌ಸ್ಟಾರ್ಫಿಯ ಅಂಕಿಗೆ 0.64 ಪರ್ಮಿಲ್ (ಸಾವಿರಕ್ಕೆ ಇಷ್ಟು ಪಾಲು ಎಂಬ ಅಳತೆ) ಕೂಡಿಸುವುದು ರೂಢಿ. ಹಿಮದ ಪ್ರಶ್ನೆಗೆ ತಳವಾಸಿಯೇ ಹೆಚ್ಚು ನಂಬಿಕಸ್ಥ. ಬಂಗಾಳ ಕೊಲ್ಲಿಯ ಮೇಲ್ನೀರಿಗೆ ನಮ್ಮ ತುಂಗಭದ್ರೆಯ ನೀರೂ ಕೃಷ್ಣೆಯ ಮೂಲಕ ಸೇರುತ್ತದೆ. ನದಿಗಳ ನೀರಿನಲ್ಲಿ ಆಕ್ಸಿಜನ್-18 ಕಡಿಮೆ. ಅಲ್ಲಿನ ರೂಬರ್ ಒಂದನ್ನೇ ನೋಡಿ ಹಿಮ ಕರಗಿತೆಂದರೆ, ಮಳೆ ಹೆಚ್ಚಾದದ್ದನ್ನೇ ಹಿಮವೆಂದು ಓದಿದ ಹಾಗೆ.

ಉಷ್ಣತೆಯನ್ನು ಬೇರೆ ಮಾಡಲು ಅದೇ ಚಿಪ್ಪಿನ ಮೆಗ್ನೀಸಿಯಂ-ಕ್ಯಾಲ್ಸಿಯಂ ಪ್ರಮಾಣ ಅಳೆಯಬೇಕು. ಚಿಪ್ಪನ್ನು ಎರಡು ಗಾಜಿನ ನಡುವೆ ಮೆಲ್ಲಗೆ ಒತ್ತಿ ಕೋಣೆಗಳನ್ನು ತೆರೆಯಿರಿ, ಪುಡಿ ಮಾಡಬೇಡಿ. ನೀರು, ಮೆಥನಾಲ್‌ನಲ್ಲಿ ಅಲ್ಟ್ರಾಸೋನಿಕ್ ತೊಳೆತ, ಆಮೇಲೆ ಕ್ಷಾರ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ 0.001 ಮೋಲಾರ್ ನೈಟ್ರಿಕ್ ಆಮ್ಲ. ಜೇಡಿ ಉಳಿದರೆ ಮೆಗ್ನೀಸಿಯಂ ಸುಳ್ಳೇ ಏರುತ್ತದೆ. ಅದನ್ನು ಪತ್ತೆಹಚ್ಚಲು ಕಬ್ಬಿಣ-ಮೆಗ್ನೀಸಿಯಂ ಅನುಪಾತ ನೋಡುತ್ತಾರೆ: 0.1 ಮೀರಿದರೆ ಅನುಮಾನ. ಗಣಿ ಧೂಳಿನ ಊರಲ್ಲಿ ಈ ಪರೀಕ್ಷೆಯೇ ಮೋಸ ಹೋಗಬಹುದು. ಅಲ್ಯೂಮಿನಿಯಂ, ಮ್ಯಾಂಗನೀಸನ್ನೂ ಜೊತೆಗೆ ಅಳೆಸಿ.

ಲೆಕ್ಕದ ಮಾದರಿ ಹೀಗೆ. ಹೆಚ್ಚು ಬಳಕೆಯ ಸೂತ್ರದಲ್ಲಿ ಮೆಗ್ನೀಸಿಯಂ-ಕ್ಯಾಲ್ಸಿಯಂ ಅನುಪಾತವನ್ನು 0.38ರಿಂದ ಭಾಗಿಸಿ, ಅದರ ಸ್ವಾಭಾವಿಕ ಲಾಗರಿದಮ್ ತೆಗೆದು, 0.09ರಿಂದ ಭಾಗಿಸಿದರೆ ಉಷ್ಣತೆ ಬರುತ್ತದೆ. ಮೇಲಿನ ಪದರದಲ್ಲಿ 4.0, ಕೆಳಗಿನದರಲ್ಲಿ 3.2 ಮಿಲಿಮೋಲ್ (ಒಂದು ಮೋಲ್ ಕ್ಯಾಲ್ಸಿಯಂಗೆ) ಬಂತೆನ್ನಿ: 26.2 ಮತ್ತು 23.7 ಡಿಗ್ರಿ, ಅಂತರ 2.5. ಡಿಗ್ರಿಗೆ 0.22 ಪರ್ಮಿಲ್‌ನಂತೆ ಉಷ್ಣತೆಯ ಪಾಲು 0.55. ಆಕ್ಸಿಜನ್ ಅಂತರ ಒಟ್ಟು 1.6 ಇದ್ದರೆ ಉಳಿದ 1.05 ಹಿಮ ಮತ್ತು ಲವಣಾಂಶದ್ದು. ಸುಮಾರು 20,000 ವರ್ಷದ ಹಿಂದೆ, ಸಮುದ್ರಮಟ್ಟ 120 ಮೀಟರಿಗೂ ಹೆಚ್ಚು ಇಳಿದಿದ್ದಾಗ, ಇಡೀ ಕಡಲಿನ ಅಂಕಿ ಇಂದಿಗಿಂತ 1 ಪರ್ಮಿಲ್‌ನಷ್ಟು ಮೇಲಿತ್ತು. ಆ ಕಾಲದ ಪದರದಲ್ಲಿ ನಿಮ್ಮ ಉಳಿಕೆ 1.05 ಬದಲು 1.8 ಬಂದರೆ ಸ್ಥಳೀಯ ಲವಣಾಂಶವನ್ನೋ ತೊಳೆತವನ್ನೋ ಶಂಕಿಸಿ.

ಕಾಲದ ಲೆಕ್ಕದಲ್ಲಿ ಅತಿಯಾಸೆ ಬೇಡ. ತಳದ ಹುಳುಗಳು ಮೇಲಿನ 10 ಸೆಂಟಿಮೀಟರಿನಷ್ಟು ಕೆಸರನ್ನು ಕಲಸುತ್ತವೆ. ಸಾವಿರ ವರ್ಷಕ್ಕೆ 3 ಸೆಂಟಿಮೀಟರ್ ಕೂಡುವ ಕಡೆ ಅದು 3,000 ವರ್ಷಕ್ಕೂ ಮೀರಿದ ಕಲಬೆರಕೆ. ಅಲ್ಲಿ ಸೆಂಟಿಮೀಟರಿಗೊಂದು ಮಾದರಿ ತೆಗೆದು ಶತಮಾನದ ಕತೆ ಹೇಳಲಾಗದು. ಕಾರ್ಬನ್-14 ಕೆಲಸ ಕೊಡುವುದು 50,000 ವರ್ಷದೊಳಗೆ. ಕಡಲ ನೀರೇ ಹಳೆಯದಾಗಿ ತೋರುವುದರಿಂದ ಸುಮಾರು 400 ವರ್ಷದ ತಿದ್ದುಪಡಿಯೂ ಬೇಕು, ಜಾಗಕ್ಕೆ ತಕ್ಕಂತೆ ಅದು ಬದಲಾಗುತ್ತದೆ.

ಅಂಟಾರ್ಕ್ಟಿಕಾ ಸುತ್ತಲಿನ ಕೆಸರು ಬಂದರೆ ಅಲ್ಲಿ ಸುಣ್ಣದ ಚಿಪ್ಪು ವಿರಳ, ಸಿಲಿಕಾ ಮೈಯ ಡಯಾಟಮ್ ಎಂಬ ಏಕಕೋಶ ಪಾಚಿಗಳೇ ಆಧಾರ. ಅವುಗಳಲ್ಲಿ ಫ್ರಾಜಿಲಾರಿಯಾಪ್ಸಿಸ್ ಕರ್ಟಾ ಹೆಚ್ಚಿದ್ದರೆ ಸಮುದ್ರದ ಮೇಲೆ ಹಿಮ ಕಟ್ಟುತ್ತಿತ್ತೆಂದು ಓದುತ್ತಾರೆ. ಅವುಗಳ ತಯಾರಿಗೆ ಹೈಡ್ರೋಕ್ಲೋರಿಕ್ ಆಮ್ಲ ಬೇಕು, ಅದು ಫೊರಾಮಿನಿಫೆರಾಕ್ಕೆ ಯಮ. ಗಾಜಿನ ಸಾಮಾನು, ಸಿಂಕು, ಸಾಧ್ಯವಾದರೆ ಕೋಣೆಯನ್ನೂ ಬೇರೆ ಇಡಿ. ಕೆಸರಿನ ಅರ್ಧ ಪಾಲನ್ನು ತೊಳೆಯದೆ ಚೀಟಿ ಅಂಟಿಸಿ ಎತ್ತಿಡಿ.